ಪಿತ್ತಕೋಶ ಹೋದ ಮೇಲೂ ಉಳಿಯುವ ನೋವು



ಶರೀರವುಳ್ಳವರಿಗೆ ವ್ಯಾಧಿಯೆಂಬುದು ಹೊಸದಲ್ಲ. ಆದರೆ ವ್ಯಾಧಿಯ ಮೂಲವನ್ನೇ ಕಿತ್ತು ಹಾಕಿದ ಮೇಲೂ ನೋವು ಉಳಿದುಕೊಂಡಿತೆಂದರೆ ಮನುಷ್ಯನ ಮನಸ್ಸು ಒಂದು ವಿಚಿತ್ರವಾದ ಸಂಶಯಕ್ಕೆ ಸಿಲುಕುತ್ತದೆ. ಹುಳುಕು ಹಲ್ಲನ್ನು ಕೀಳಿಸಿದರೆ ಹಲ್ಲುನೋವು ನಿಲ್ಲುತ್ತದೆ. ಕಾಲಿಗೆ ನೆಟ್ಟ ಮುಳ್ಳನ್ನು ತೆಗೆದರೆ ನಡೆಯುವುದು ಸುಗಮವಾಗುತ್ತದೆ. ಪಿತ್ತಕೋಶದ ವಿಷಯದಲ್ಲಿ ಮಾತ್ರ ಈ ಲೆಕ್ಕ ಎಲ್ಲರಿಗೂ ಸರಿಹೋಗುವುದಿಲ್ಲ. ಕಲ್ಲು ತುಂಬಿದ ಕೋಶವನ್ನು ವೈದ್ಯರು ತೆಗೆದು ಹಾಕಿದ ತರುವಾಯವೂ ಕೆಲವರ ಹೊಟ್ಟೆಯಲ್ಲಿ ಅದೇ ಜಾಗದಲ್ಲಿ, ಅದೇ ಬಗೆಯ ನೋವು ತಿರುಗಿ ಬರುತ್ತದೆ. ಇದೇಕೆ ಹೀಗೆ, ಹೀಗಾದಾಗ ಏನು ಮಾಡಬೇಕು, ಏನನ್ನು ಮಾಡಬಾರದು ಎಂಬುದನ್ನು ಈ ಸಂಚಿಕೆಯಲ್ಲಿ ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇವೆ.

ಕಳೆದ ವರ್ಷ ನಮ್ಮ ಪಿತ್ತಕೋಶವನ್ನು ಶಸ್ತ್ರಕ್ರಿಯೆಯಿಂದ ತೆಗೆಯಲಾಯಿತೆಂಬುದು ಶ್ರೀಮಠದ ಭಕ್ತರಿಗೆ ತಿಳಿದ ಸಂಗತಿ. ತಿಳಿಯದಿರುವ ಸಂಗತಿಯೆಂದರೆ, ಆ ನೋವು ಪೂರ್ಣವಾಗಿ ನಮ್ಮನ್ನು ಬಿಟ್ಟು ಹೋಗಿಲ್ಲವೆಂಬುದು. ಇದನ್ನು ಪತ್ರಿಕೆಯಲ್ಲಿ ಬರೆಯುವ ಅವಶ್ಯಕತೆಯಿರಲಿಲ್ಲ. ಆದರೆ ಸಂಚಾರಕ್ಕೆ ಹೋದಲ್ಲೆಲ್ಲ ನಾಲ್ಕಾರು ಮಂದಿ, ಅದರಲ್ಲಿಯೂ ತಾಯಂದಿರು, ಜನ ಚದುರಿದ ಮೇಲೆ ಹತ್ತಿರ ಬಂದು ಕೆಳದನಿಯಲ್ಲಿ ಒಂದೇ ಮಾತನ್ನು ಹೇಳತೊಡಗಿದರು: "ಅಜ್ಜಾರ, ನನಗೂ ಅದ ಆಪರೇಶನ್ ಆಗೇತ್ರಿ. ಇನ್ನೂ ನೋವು ಹೋಗಿಲ್ರಿ. ಮನ್ಯಾಗ ಹೇಳಿದ್ರ ಯಾರೂ ನಂಬೂದಿಲ್ರಿ." ಪಿತ್ತದ ಕಲ್ಲು ಪುರುಷರಿಗಿಂತ ಸ್ತ್ರೀಯರಲ್ಲಿಯೇ ಹೆಚ್ಚು. ಆದುದರಿಂದ ಈ ಮಾತು ತಾಯಂದಿರಿಂದಲೇ ಹೆಚ್ಚಾಗಿ ಬಂದುದರಲ್ಲಿ ಆಶ್ಚರ್ಯವಿಲ್ಲ. ಅವರಿಗೆ ನೋವಿಗಿಂತ ನಂಬಿಕೆಯಿಲ್ಲದ ಮನೆಯೇ ಹೆಚ್ಚು ಭಾರವಾಗಿದ್ದಿತು. ಅವರ ಸಲುವಾಗಿ ಈ ಲೇಖನ.

ಮೊದಲು ಆ ಅವಯವದ ಪರಿಚಯ ಮಾಡಿಕೊಳ್ಳೋಣ. ಬಲ ಪಕ್ಕೆಲುಬಿನ ಅಡಿಯಲ್ಲಿ ಯಕೃತ್ತು ಅಥವಾ ಪಿತ್ತಜನಕಾಂಗವಿದೆ. ಅದರ ಕೆಳಮೈಗೆ ಅಂಟಿಕೊಂಡು, ಪೇರು ಹಣ್ಣಿನ ಆಕಾರದ ಚಿಕ್ಕ ಚೀಲವೊಂದು ಇದೆ. ಅದೇ ಪಿತ್ತಕೋಶ. ಪಿತ್ತರಸವನ್ನು ತಯಾರಿಸುವುದು ಯಕೃತ್ತು, ಕೋಶವಲ್ಲ. ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ಯಕೃತ್ತಿನಿಂದ ಇಳಿಯುತ್ತದೆ. ಕೋಶದಲ್ಲಿ ಹಿಡಿಯುವುದು 30ರಿಂದ 50 ಮಿಲಿಲೀಟರು ಮಾತ್ರ. ಕೋಶವು ಆ ರಸದ ನೀರಿನಂಶವನ್ನು ಹೀರಿ ಅದನ್ನು ಗಟ್ಟಿಗೊಳಿಸಿ ಕಾದಿಟ್ಟುಕೊಂಡು, ಜಿಡ್ಡಿನ ಆಹಾರ ಕರುಳಿಗೆ ಬಂದೊಡನೆ ತಾನು ಸಂಕುಚಿಸಿ ಅದನ್ನು ನಾಳದ ಮೂಲಕ ಸಣ್ಣ ಕರುಳಿಗೆ ಬಿಡುತ್ತದೆ. ಹಗೇವಿನಲ್ಲಿ ಕಾಳು ಕೂಡಿಟ್ಟು ಬೇಕಾದಾಗ ತೆಗೆಯುವಂತೆ ಇದು. ಹಗೇವನ್ನು ಮುಚ್ಚಿದರೆ ಬೆಳೆ ನಿಲ್ಲುವುದಿಲ್ಲ. ಕೂಡಿಡುವ ಅನುಕೂಲ ಮಾತ್ರ ಹೋಗುತ್ತದೆ. ಕೋಶ ಹೋದ ಮೇಲೆ ಪಿತ್ತರಸವು ಊಟವಿರಲಿ, ಇಲ್ಲದಿರಲಿ, ಹನಿಹನಿಯಾಗಿ ಕರುಳಿಗೆ ಇಳಿಯುತ್ತಲೇ ಇರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. "ಪಿತ್ತಕೋಶವೇ ಇಲ್ಲವೆಂದ ಮೇಲೆ ತಮಗೆ ಪಿತ್ತವೆಲ್ಲಿಯದು?" ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಆಯುರ್ವೇದವು ಹೇಳುವ ಪಿತ್ತವು ಮೂರು ದೋಷಗಳಲ್ಲಿ ಒಂದು. ಪಾಚಕ, ರಂಜಕ, ಸಾಧಕ, ಆಲೋಚಕ, ಭ್ರಾಜಕವೆಂದು ಐದು ಬಗೆಯಾಗಿ ಅದನ್ನು ಶಾಸ್ತ್ರವು ವಿವರಿಸುತ್ತದೆ. ಜೀರ್ಣಕ್ರಿಯೆ ಮೊದಲುಗೊಂಡು ಕಣ್ಣಿನ ನೋಟ, ಚರ್ಮದ ಕಾಂತಿಗಳವರೆಗೆ ಅದರ ವ್ಯಾಪಾರವನ್ನು ಹೇಳಲಾಗಿದೆ. ಆಧುನಿಕ ವೈದ್ಯರು ಪಿತ್ತರಸವೆನ್ನುವುದು ಯಕೃತ್ತಿನಿಂದ ಸ್ರವಿಸುವ, ಕಣ್ಣಿಗೆ ಕಾಣುವ ಹಸಿರುಹಳದಿ ದ್ರವ. ಹೆಸರು ಒಂದೇ ಆದ ಮಾತ್ರಕ್ಕೆ ವಸ್ತು ಒಂದೇ ಆಗುವುದಿಲ್ಲ. ಈ ಗೊಂದಲದಿಂದ ಕೆಲವರು ಶಸ್ತ್ರಕ್ರಿಯೆಗೆ ಅನಾವಶ್ಯಕವಾಗಿ ಹೆದರುತ್ತಾರೆ. ಇನ್ನು ಕೆಲವರು ಶಸ್ತ್ರಕ್ರಿಯೆಯಾದ ಮೇಲೆ ಪಿತ್ತಶಮನದ ಹೆಸರಿನಲ್ಲಿ ಕಂಡಕಂಡ ಕಷಾಯಗಳನ್ನು ಕುಡಿದು ಹೊಟ್ಟೆಯನ್ನು ಮತ್ತಷ್ಟು ಕೆಡಿಸಿಕೊಳ್ಳುತ್ತಾರೆ.

ಪಿತ್ತಕೋಶವಿಲ್ಲದೆ ಮನುಷ್ಯನು ಬದುಕಬಲ್ಲನೆಂಬುದು ಇಂದು ಸಾಮಾನ್ಯ ಜ್ಞಾನ. ಇದನ್ನು ಮನುಷ್ಯನಲ್ಲಿ ಮೊದಲು ಮಾಡಿ ತೋರಿಸಿದವರು ಜರ್ಮನಿಯ ಕಾರ್ಲ್ ಲಾಂಗೆನ್‌ಬುಕ್. 1882ರ ಜುಲೈ ತಿಂಗಳಲ್ಲಿ ಬರ್ಲಿನ್ ನಗರದಲ್ಲಿ, 43 ವರ್ಷದ ರೋಗಿಯೊಬ್ಬನ ಪಿತ್ತಕೋಶವನ್ನು ಅವರು ಪೂರ್ತಿಯಾಗಿ ತೆಗೆದರು. ಅದಕ್ಕೆ ಮೊದಲು ಕೋಶವನ್ನು ಕೊಯ್ದು ಕಲ್ಲನ್ನಷ್ಟೇ ತೆಗೆಯುತ್ತಿದ್ದರು. ಕಲ್ಲು ಇರುವುದರಿಂದ ಕೋಶ ಕೆಡುವುದಲ್ಲ, ಕೋಶವೇ ಕಲ್ಲನ್ನು ಹುಟ್ಟಿಸುತ್ತದೆ, ಆದುದರಿಂದ ಕೋಶವೇ ಹೋಗಬೇಕೆಂಬುದು ಲಾಂಗೆನ್‌ಬುಕ್ ಅವರ ವಾದ. ಅಲ್ಲಿಂದ ನೂರು ವರ್ಷ ಹೊಟ್ಟೆಯನ್ನು ಅಗಲವಾಗಿ ಕೊಯ್ದೇ ಈ ಕೆಲಸ ನಡೆಯಿತು. 1985ರಲ್ಲಿ ಜರ್ಮನಿಯವರೇ ಆದ ಎರಿಕ್ ಮ್ಯೂಹೆ ಸಣ್ಣ ರಂಧ್ರದ ಮೂಲಕ ದರ್ಶಕವನ್ನು ಒಳಹೊಗಿಸಿ ಕೋಶವನ್ನು ತೆಗೆದರು. ಮೊದಮೊದಲು ಅವರ ದೇಶದ ಶಸ್ತ್ರವೈದ್ಯರೇ ಅದನ್ನು ಒಪ್ಪಲಿಲ್ಲ. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ ಅವರು ಈ ಲ್ಯಾಪರೊಸ್ಕೋಪಿ ವಿಧಾನವನ್ನು ಮೊದಲು ನಡೆಸಿದರು. ಇಂದು ಜಿಲ್ಲಾ ಸ್ಥಳಗಳಲ್ಲಿಯೂ ಅದು ನಿತ್ಯದ ಕೆಲಸವಾಗಿದೆ.

ಈ ವಿಧಾನದಲ್ಲಿ ಹೊಟ್ಟೆಯ ಒಳಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ, ಡೇರೆಯಂತೆ ಮೇಲಕ್ಕೆತ್ತಿ, ಕೆಲಸ ಮಾಡಲು ಜಾಗ ಮಾಡಿಕೊಳ್ಳುತ್ತಾರೆ. ಕೊನೆಗೆ ಅನಿಲವನ್ನು ಬಿಟ್ಟರೂ ಸ್ವಲ್ಪ ಉಳಿದಿರುತ್ತದೆ. ಅದು ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆಣಕುತ್ತದೆ. ವಪೆಯ ನರವು ಕುತ್ತಿಗೆಯ ಭಾಗದಿಂದ ಇಳಿದು ಬಂದುದು. ಹೆಗಲಿನ ನರಗಳೂ ಅಲ್ಲಿಂದಲೇ ಹೊರಟವು. ತನ್ನಿಮಿತ್ತ, ಕೊಯ್ದುದು ಹೊಟ್ಟೆಯನ್ನಾದರೂ ನೋಯುವುದು ಹೆಗಲು. ನಮಗೂ ಎರಡನೆಯ ದಿನ ಬಲ ಹೆಗಲು ಹಿಡಿದುಕೊಂಡಿತು. ಪಕ್ಕದ ಮಂಚದ ರೋಗಿಯೊಬ್ಬರು ಇದನ್ನು ಹೃದಯದ ಕಾಯಿಲೆಯೆಂದು ಭಾವಿಸಿ ರಾತ್ರಿಯೆಲ್ಲ ನಿದ್ರೆಗೆಟ್ಟರು. ಈ ಹೆಗಲುನೋವು ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಎದ್ದು ಮೆಲ್ಲನೆ ಅಡ್ಡಾಡಿದರೆ ಹಿತವೆನಿಸುತ್ತದೆ. ಆದರೆ ಎದೆ ಬಿಗಿದು ಬೆವರು ಬಂದರೆ, ಉಸಿರಾಟ ಕಷ್ಟವಾದರೆ, ಅದನ್ನು ಅನಿಲದ ನೋವೆಂದು ತಳ್ಳಿಹಾಕದೆ ಕೂಡಲೇ ವೈದ್ಯರಿಗೆ ಹೇಳಬೇಕು. ಕೆಮ್ಮು ಸೀನು ಬಂದಾಗ ಹೊಟ್ಟೆಗೆ ತಲೆದಿಂಬನ್ನು ಅವುಚಿ ಹಿಡಿದುಕೊಳ್ಳುವುದು, ಎದ್ದೇಳುವಾಗ ನೇರವಾಗಿ ಏಳದೆ ಮಗ್ಗುಲಾಗಿ ಕೈಯೂರಿ ಏಳುವುದು, ಕೆಲವು ವಾರ ಭಾರ ಎತ್ತದಿರುವುದು: ಇವು ಸಣ್ಣ ಸಂಗತಿಗಳಾದರೂ ಬಹಳ ಉಪಕಾರಕ.

ಇದು ಮೊದಲ ದಿನಗಳ ಮಾತಾಯಿತು. ನಮ್ಮ ವಿಷಯ ಇರುವುದು ಅನಂತರದ ನೋವಿನಲ್ಲಿ. ಎರಡು ತಿಂಗಳು ಕಳೆದು ಗಾಯಗಳೆಲ್ಲ ಮಾದ ಮೇಲೆಯೂ ನಮ್ಮಲ್ಲಿ ಎರಡು ಬಗೆಯ ನೋವು ಉಳಿದವು. ಒಂದು, ಪೂಜೆಯಿಂದ ಏಳುವಾಗ ಹೊಕ್ಕುಳ ಬಳಿಯ ಗಾಯದ ಗುರುತಿನಲ್ಲಿ ಚುಚ್ಚಿದಂತಾಗುವ ನೋವು. ಇನ್ನೊಂದು, ಊಟವಾದ ಗಳಿಗೆಯ ಮೇಲೆ ಬಲ ಪಕ್ಕೆಯ ಕೆಳಗೆ ಮೆಲ್ಲನೆ ಆರಂಭವಾಗಿ, ಬೆನ್ನಿನವರೆಗೆ ಹರಡಿ, ಒಂದೆರಡು ತಾಸು ನಿಲ್ಲುವ ಮಂದವಾದ ನೋವು. ಈ ಎರಡನೆಯದು ಮೊದಲಿನ ಕಲ್ಲಿನ ನೋವಿನಂತೆಯೇ ಇದ್ದುದರಿಂದ, ಕೋಶ ನಿಜವಾಗಿಯೂ ಹೋಗಿದೆಯೇ ಎಂಬ ಪ್ರಶ್ನೆ ರಾತ್ರಿಯ ಹೊತ್ತು ಮನಸ್ಸಿನಲ್ಲಿ ಏಳುತ್ತಿತ್ತು.

ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ ಇಂದು ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ಶ್ರೀಮಠಕ್ಕೆ ಬಂದಿದ್ದಾಗ ಇದನ್ನು ಅವರಿಗೆ ತಿಳಿಸಿದೆವು. ಅವರು ನಮ್ಮನ್ನು ಮಲಗಿಸಿ, ಗಾಯದ ಬಳಿ ಬೆರಳಿನಿಂದ ಒತ್ತಿ ಹಿಡಿದು, ತಲೆಯನ್ನಷ್ಟೇ ಮೇಲೆತ್ತಲು ಹೇಳಿದರು. ತಲೆಯೆತ್ತಿದಾಗ ನೋವು ಹೆಚ್ಚಾಯಿತು. "ಇದು ಹೊಟ್ಟೆಯ ಒಳಗಿನದಲ್ಲ, ಹೊರಗೋಡೆಯ ಸ್ನಾಯು ಮತ್ತು ನರಗಳದು" ಎಂದರು. ಒಳಗಿನ ಅವಯವದ ನೋವಾದರೆ, ಬಿಗಿದ ಸ್ನಾಯು ಗುರಾಣಿಯಂತೆ ಅಡ್ಡ ಬಂದು ನೋವು ಕಡಿಮೆಯಾಗುತ್ತದೆಯಂತೆ. ಇಷ್ಟು ಸರಳವಾದ ಪರೀಕ್ಷೆ! ಎರಡನೆಯ ನೋವಿಗಾಗಿ ಅವರು ರಕ್ತಪರೀಕ್ಷೆ, ಅಲ್ಟ್ರಾಸೌಂಡ್, ಪಿತ್ತನಾಳಗಳ ಚಿತ್ರ ತೆಗೆಯುವ ಎಂ.ಆರ್.ಸಿ.ಪಿ. ಪರೀಕ್ಷೆಗಳನ್ನು ಮಾಡಿಸಿದರು. ನಾಳದಲ್ಲಿ ಕಲ್ಲು ಇರಲಿಲ್ಲ. ಯಕೃತ್ತು, ಮೇದೋಜೀರಕ ಗ್ರಂಥಿಗಳು ಸರಿಯಾಗಿದ್ದವು. ಜಠರದ ಒಳಗೆ ದರ್ಶಕವಿಳಿಸಿ ನೋಡಿದಾಗ ಸ್ವಲ್ಪ ಕೆಂಪಾದ ಉರಿಯೂತ ಕಂಡಿತು. ಅದಕ್ಕೆ ಆಮ್ಲ ತಗ್ಗಿಸುವ ಔಷಧವನ್ನು ಕೆಲವು ವಾರ ಕೊಟ್ಟರು. ನೋವು ಅರ್ಧಕ್ಕಿಳಿಯಿತು, ಪೂರ್ತಿ ಹೋಗಲಿಲ್ಲ.

ಹಾಗಾದರೆ ಕೋಶ ಹೋದ ಮೇಲೂ ನೋವು ಬರಲು ಕಾರಣಗಳೇನು? ಅವರು ವಿವರಿಸಿದುದನ್ನೂ ನಾವು ಓದಿ ತಿಳಿದುದನ್ನೂ ಸಂಗ್ರಹವಾಗಿ ಹೇಳುತ್ತೇವೆ. ಮೊದಲನೆಯದು, ಪಿತ್ತನಾಳದಲ್ಲಿ ಉಳಿದ ಅಥವಾ ಹೊಸದಾಗಿ ಹುಟ್ಟಿದ ಕಲ್ಲು. ಇದು ಶಸ್ತ್ರಕ್ರಿಯೆಯಾದ ಕೆಲವೇ ದಿನಗಳಲ್ಲಿ ಕಾಣಿಸಬಹುದು, ವರ್ಷಗಳ ಮೇಲೂ ಕಾಣಿಸಬಹುದು. ಎರಡನೆಯದು, ನಾಳಕ್ಕೆ ಪೆಟ್ಟು ಬಿದ್ದು ರಸ ಸೋರುವುದು ಅಥವಾ ನಾಳ ಕಿರಿದಾಗುವುದು. ಇದು ವಿರಳ, ಆದರೆ ಗಂಭೀರ. ಮೂರನೆಯದು, ಪಿತ್ತನಾಳವು ಕರುಳನ್ನು ಸೇರುವಲ್ಲಿ ಬಾಗಿಲಿನಂತಿರುವ ಸ್ನಾಯುವಿನ ಬಿಗಿತ. ಇಟಲಿಯ ರುಜ್ಜೇರೊ ಒಡ್ಡಿ ಎಂಬವರು ವಿದ್ಯಾರ್ಥಿಯಾಗಿದ್ದಾಗಲೇ 1887ರಲ್ಲಿ ಇದನ್ನು ವಿವರಿಸಿದುದರಿಂದ ಅದಕ್ಕೆ ಅವರ ಹೆಸರೇ ನಿಂತಿದೆ. ನಾಲ್ಕನೆಯದು, ಪಿತ್ತರಸವು ಅಡೆತಡೆಯಿಲ್ಲದೆ ಇಳಿದು ದೊಡ್ಡ ಕರುಳನ್ನು ಕೆಣಕುವುದರಿಂದ ಬರುವ ನುಲಿತ ಮತ್ತು ಭೇದಿ. ಇದಕ್ಕೆ ಪಿತ್ತಾಮ್ಲವನ್ನು ಹಿಡಿದಿಡುವ ಕೊಲೆಸ್ಟೈರಮಿನ್‌ನಂತಹ ಔಷಧಗಳಿವೆ. ಐದನೆಯದು, ಪಿತ್ತಕೋಶಕ್ಕೆ ಸಂಬಂಧವೇ ಇಲ್ಲದವು: ಜಠರದ ಹುಣ್ಣು, ಆಮ್ಲಪಿತ್ತ, ಕರುಳಿನ ಅತಿಸೂಕ್ಷ್ಮತೆ, ಮಲಬದ್ಧತೆ. ಇವು ಕಲ್ಲಿನೊಂದಿಗೆ ಮೊದಲಿನಿಂದಲೂ ಇದ್ದು, ಕಲ್ಲು ಹೋದ ಮೇಲೆ ತಮ್ಮ ನಿಜರೂಪದಲ್ಲಿ ಕಾಣಿಸಿಕೊಳ್ಳುತ್ತವೆ.

ಈ ಐದನೆಯ ಕಾರಣವು ನಾವು ಎಣಿಸುವುದಕ್ಕಿಂತ ವ್ಯಾಪಕವಾದುದು. ನೆದರ್ಲೆಂಡ್ಸ್ ದೇಶದಲ್ಲಿ ಪಿತ್ತಕಲ್ಲಿನ 1067 ರೋಗಿಗಳನ್ನು ಕುರಿತು ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ವಾಡಿಕೆಯಂತೆ ಚಿಕಿತ್ಸೆ ಪಡೆದವರಲ್ಲಿ ವರ್ಷದ ಕೊನೆಗೆ ನೋವಿಲ್ಲದೆ ಇದ್ದವರು ನೂರಕ್ಕೆ 60 ಮಂದಿ. ಲಕ್ಷಣಗಳನ್ನು ಕಟ್ಟುನಿಟ್ಟಾಗಿ ವಿಚಾರಿಸಿ ಶಸ್ತ್ರಕ್ರಿಯೆಗೆ ಆಯ್ದ ಗುಂಪಿನಲ್ಲಿ 56 ಮಂದಿ. ಎಂದರೆ ಎರಡು ಗುಂಪುಗಳಲ್ಲಿಯೂ ನೂರರಲ್ಲಿ ಸುಮಾರು 40 ಮಂದಿಗೆ ಒಂದಿಲ್ಲೊಂದು ಬಗೆಯ ಹೊಟ್ಟೆನೋವು ಉಳಿದೇ ಇದ್ದಿತು. "ನನಗೊಬ್ಬಳಿಗೇ ಹೀಗಾಗಿದೆ" ಎಂದು ಕೊರಗುವ ತಾಯಿ ಈ ಅಂಕೆಗಳನ್ನು ಅರಿತುಕೊಳ್ಳಬೇಕು; ಅವಳ ಮನೆಯವರು ಅವಳಿಗಿಂತಲೂ ಮುಂಚೆ ಅರಿತುಕೊಳ್ಳಬೇಕು.

ಇಲ್ಲಿ ಒಂದು ಉದಾಹರಣೆಯನ್ನು ಹೇಳಲೇಬೇಕಾಗಿದೆ. ನಮ್ಮ ಭಕ್ತರ ಮನೆಯ ಸೊಸೆಯೊಬ್ಬಳಿಗೆ ಶಸ್ತ್ರಕ್ರಿಯೆಯಾಗಿ ಎಂಟು ತಿಂಗಳ ತರುವಾಯ ನೋವು ಬರಹತ್ತಿತು. ಮನೆಯವರು "ಕೆಲಸಕ್ಕ ಬ್ಯಾಸತ್ತು ನೆವ ಹೇಳ್ತಾಳ" ಎಂದರು. ಪಕ್ಕದೂರಿನ ಔಷಧದ ಅಂಗಡಿಯಿಂದ ನೋವಿನ ಗುಳಿಗೆ ತಂದುಕೊಟ್ಟರು. ಅವಳ ಕಣ್ಣು ಹಳದಿಯಾಗಿ, ಮೂತ್ರ ಕಪ್ಪಿಟ್ಟು, ಚಳಿಜ್ವರ ಬಂದಾಗ ಅವಳ ತಾಯಿಯೇ ಬಂದು ಆಸ್ಪತ್ರೆಗೆ ಕರೆದೊಯ್ದಳು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಒಳಗೆ ಕೀವಾಗತೊಡಗಿತ್ತು. ಬಾಯಿಯ ಮೂಲಕ ದರ್ಶಕವನ್ನಿಳಿಸಿ ಆ ಕಲ್ಲನ್ನು ತೆಗೆದರು. ಅವಳು ಉಳಿದಳು. ಇನ್ನೆರಡು ದಿನ ತಡವಾಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ! ಆದುದರಿಂದ ವಾಚಕರೇ, ಈ ಚಿಹ್ನೆಗಳನ್ನು ಮರೆಯದಿರಿ: ಕಣ್ಣು ಅಥವಾ ಚರ್ಮ ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೂ ಮಲ ಸುಣ್ಣದ ಬಣ್ಣಕ್ಕೂ ತಿರುಗುವುದು, ನಡುಕದೊಡನೆ ಜ್ವರ ಬರುವುದು, ವಾಂತಿ ನಿಲ್ಲದಿರುವುದು, ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ನೋವು ತಾಸುಗಟ್ಟಲೆ ಏರುತ್ತಲೇ ಹೋಗುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಮನೆಮದ್ದಾಗಲಿ, ಹರಕೆಯಾಗಲಿ, ಮಠಕ್ಕೆ ಬಂದು ನಮ್ಮನ್ನು ಕೇಳುವುದಾಗಲಿ ಸಲ್ಲದು. ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಇದಕ್ಕೆ ವಿರುದ್ಧವಾದ ಇನ್ನೊಂದು ಅತಿರೇಕವೂ ಉಂಟು. ಪರೀಕ್ಷೆಗಳೆಲ್ಲ ಸರಿಯಿವೆಯೆಂದು ವೈದ್ಯರು ಹೇಳಿದ ಮೇಲೂ ಸಮಾಧಾನವಾಗದೆ, ಊರಿಂದೂರಿಗೆ ಅಲೆದು, "ಇನ್ನೊಂದು ಆಪರೇಶನ್ ಮಾಡ್ರಿ" ಎಂದು ತಾವಾಗಿ ಕೇಳುವವರನ್ನು ಕಂಡಿದ್ದೇವೆ. ಅವರು ತಿಳಿಯಬೇಕಾದ ಪ್ರಯೋಗವೊಂದು ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾಗಿದೆ. ಪಿತ್ತಕೋಶ ತೆಗೆದ ಮೇಲೆ ನೋವು ಉಳಿದ, ಆದರೆ ಪರೀಕ್ಷೆಗಳಲ್ಲಿ ಹೆಚ್ಚಿನ ದೋಷ ಕಾಣದ 214 ರೋಗಿಗಳನ್ನು ಆರಿಸಿಕೊಂಡರು. ಕೆಲವರಿಗೆ ಮೇಲೆ ಹೇಳಿದ ಒಡ್ಡಿ ಸ್ನಾಯುವನ್ನು ಕೊಯ್ದರು. ಉಳಿದವರಿಗೆ ದರ್ಶಕವನ್ನಿಳಿಸಿದರೂ ಸ್ನಾಯುವನ್ನು ಕೊಯ್ಯಲಿಲ್ಲ. ಯಾರಿಗೆ ಏನು ಮಾಡಿದೆಯೆಂದು ರೋಗಿಗಳಿಗೆ ಗೊತ್ತಿರಲಿಲ್ಲ. ವರ್ಷದ ಮೇಲೆ ನೋಡಿದರೆ, ಕೊಯ್ದವರಲ್ಲಿ ನೂರಕ್ಕೆ 23 ಮಂದಿಗೆ ಗುಣ ಕಂಡಿತ್ತು. ಕೊಯ್ಯದವರಲ್ಲಿ ನೂರಕ್ಕೆ 37 ಮಂದಿಗೆ! ಇಂಥ ರೋಗಿಗಳಲ್ಲಿ ಆ ಕೊಯ್ತದಿಂದ ಪ್ರಯೋಜನವಿಲ್ಲವೆಂದು ಇದರಿಂದ ಸಿದ್ಧವಾಯಿತು. ಅಷ್ಟೇ ಅಲ್ಲ, ಆ ಕ್ರಿಯೆಯಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವೂ ಇದೆ. ಕೊಯ್ಯದವರ ನೋವು ಸುಳ್ಳಾಗಿತ್ತೆಂದು ಇದರ ಅರ್ಥವಲ್ಲ. ನೋವು ನಿಜವಾಗಿಯೇ ಇದ್ದಿತು. ಅದು ಕಾಲಕ್ರಮದಲ್ಲಿ, ಆರೈಕೆಯಲ್ಲಿ, ಧೈರ್ಯದಲ್ಲಿ ಇಳಿಯಿತು. ಕಾರಣ ಕಾಣದ ನೋವು ಇಲ್ಲದ ನೋವಲ್ಲ. ಹಾಗೆಯೇ, ಇರುವ ನೋವಿಗೆಲ್ಲ ಕತ್ತಿಯೇ ಉತ್ತರವಲ್ಲ.

ನೋವಿನ ಗುಳಿಗೆಗಳ ಬಗೆಗೂ ಎರಡು ಮಾತು. ಔಷಧದ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಮೊದಲಾದವು ಜಠರವನ್ನು ಸುಡುತ್ತವೆ. ಕೊಡೀನ್ ಮತ್ತು ಅಫೀಮಿನ ಜಾತಿಯ ಔಷಧಗಳು ಒಡ್ಡಿ ಸ್ನಾಯುವನ್ನೇ ಬಿಗಿಸಿ, ಇಳಿಸಬೇಕಾದ ನೋವನ್ನು ಏರಿಸಬಲ್ಲವು, ಮಲಬದ್ಧತೆಯನ್ನೂ ತರುತ್ತವೆ. ಆದುದರಿಂದ ಯಾವ ಗುಳಿಗೆಯಾದರೂ ವೈದ್ಯರು ಹೇಳಿದ್ದು, ಹೇಳಿದಷ್ಟೇ. ಪಿತ್ತಕೋಶ ತೆಗೆದಿದೆಯೆಂಬ ಸಂಗತಿಯನ್ನು ಪ್ರತಿ ವೈದ್ಯರಿಗೂ ಮೊದಲೇ ಹೇಳಬೇಕು.

ನಮ್ಮ ವೈದ್ಯರು ಔಷಧದೊಡನೆ ಇನ್ನೊಂದು ಕೆಲಸವನ್ನೂ ಹೇಳಿದರು: ನೋವಿನ ದಿನಚರಿ ಬರೆಯುವುದು. ಎಷ್ಟು ಗಂಟೆಗೆ ಬಂತು, ಎಲ್ಲಿ ಬಂತು, ಎಷ್ಟು ಹೊತ್ತು ನಿಂತಿತು, ಅದಕ್ಕೆ ಮುಂಚೆ ಏನು ಉಂಡದ್ದು, ಯಾವಾಗ ಉಂಡದ್ದು. ಆರು ವಾರ ಇದನ್ನು ತಪ್ಪದೆ ಬರೆದೆವು. ಒಟ್ಟು 14 ಸಲ ನೋವು ಬಂದಿತ್ತು. ಅವುಗಳಲ್ಲಿ 9 ಸಲ ಸಂಚಾರದ ದಿನಗಳಂದು, ಮಧ್ಯಾಹ್ನದ ಪ್ರಸಾದ ಮೂರು ಗಂಟೆ ದಾಟಿ ಆದಾಗ. ಎರಡು ಸಲ ಕರಿದ ಪದಾರ್ಥ ಸೇರಿದ ಊಟದ ಮೇಲೆ. ಮೂರು ಸಲ ಯಾವ ಕಾರಣವೂ ಕಾಣಲಿಲ್ಲ. ಎಲ್ಲರೂ ತುಪ್ಪವನ್ನೇ ದೂರುತ್ತಿದ್ದರು. ದಿನಚರಿಯು ತೋರಿಸಿದ್ದು ಬೇರೆ: ಹೆಚ್ಚು ಸಲ ಅಪರಾಧಿ ತುಪ್ಪವಾಗಿರಲಿಲ್ಲ, ಹಸಿದ ಹೊಟ್ಟೆಯಾಗಿತ್ತು. ಇನ್ನೊಬ್ಬರ ದಿನಚರಿ ಇನ್ನೊಂದನ್ನು ತೋರಿಸಬಹುದು. ಒಬ್ಬರಿಗೆ ಹಾಲು, ಒಬ್ಬರಿಗೆ ಚಹ, ಒಬ್ಬರಿಗೆ ಹಸಿಮೆಣಸಿನಕಾಯಿ. ಊಹೆಯಿಂದ ಎಲ್ಲವನ್ನೂ ಬಿಟ್ಟು ಸೊರಗುವುದಕ್ಕಿಂತ, ಬರೆದು ನೋಡಿ ಒಂದನ್ನು ಬಿಡುವುದು ವಿವೇಕ.

ಇಲ್ಲಿ ನಮಗೊಂದು ಧರ್ಮಸಂಕಟ ಎದುರಾಯಿತು. ಗುರುಕುಲದ ದಿನಗಳಿಂದಲೂ ಪೂಜೆ ತೀರಿದ ಮೇಲೆ ಮಧ್ಯಾಹ್ನ ಒಂದೇ ಸಲ ಪ್ರಸಾದ ಸ್ವೀಕರಿಸಿ, ರಾತ್ರಿ ಹಾಲು ಹಣ್ಣಿನಲ್ಲಿ ಇರುವುದು ನಮ್ಮ ರೂಢಿ. ಮೂವತ್ತು ವರ್ಷಕ್ಕೂ ಮಿಕ್ಕಿ ಅದನ್ನು ನಡೆಸಿಕೊಂಡು ಬಂದೆವು. ವೈದ್ಯರು ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಆಹಾರ ಬೇಕೆಂದರು. ವ್ರತವನ್ನು ಬಿಡುವುದು ಹೇಗೆ? ಹಲವು ದಿನ ಇದನ್ನು ಮನಸ್ಸಿನಲ್ಲಿ ತೂಗಿ ನೋಡಿದೆವು. ಒಂದು ಹೊತ್ತಿನ ಊಟದ ನಿಯಮ ಏತಕ್ಕಾಗಿ ಬಂತು? ನಾಲಗೆಯ ಚಪಲ ಅಡಗಲೆಂದು, ಶರೀರ ಹಗುರವಾಗಿ ಪೂಜೆಗೂ ಅಧ್ಯಯನಕ್ಕೂ ಒದಗಲೆಂದು. ಈಗ ಅದೇ ನಿಯಮದಿಂದ ಶರೀರ ಪೂಜೆಗೆ ಒದಗದೆ ಮಂಚ ಹಿಡಿಯುವುದಾದರೆ, ನಿಯಮದ ಹೊರಗಿನ ರೂಪ ಉಳಿದು ಒಳಗಿನ ಉದ್ದೇಶ ಕೆಡುತ್ತದೆ. ಬೆಳಿಗ್ಗೆ ಒಂದು ಬಟ್ಟಲು ಗಂಜಿ, ಮಧ್ಯಾಹ್ನ ಹನ್ನೆರಡೂವರೆಗೆ ಒಂದು ಮೆತ್ತನೆಯ ಜೋಳದ ರೊಟ್ಟಿ, ಬೇಯಿಸಿದ ಪಲ್ಯ, ಮಜ್ಜಿಗೆ. ಸಂಜೆಗೆ ಒಂದು ಹಣ್ಣು. ರಾತ್ರಿ ಎಂಟರೊಳಗೆ ಹೆಸರುಬೇಳೆಯ ಕಿಚಡಿ. ಹೀಗೆ ಗೊತ್ತುಮಾಡಿಕೊಂಡೆವು. ನಾಲ್ಕು ಸಲವಾದರೂ ಮಿತಿ ಮೀರದೆ ಉಣ್ಣುವುದು, ಇನ್ನೊಂದು ತುತ್ತು ಬೇಕೆನಿಸಿದಾಗ ಕೈ ತೊಳೆಯುವುದು ಒಂದು ಸಲದ ಊಟಕ್ಕಿಂತ ಕಠಿಣವಾದ ವ್ರತವೆಂಬುದು ಆಚರಣೆಯಲ್ಲಿ ತಿಳಿಯಿತು.

ಈ ಬದಲಾವಣೆಯಿಂದ ನಮಗಿಂತ ಹೆಚ್ಚು ದುಃಖಪಟ್ಟವರು ನಮ್ಮ ಅಡಿಗೆಯವರು. "ಒಗ್ಗರಣಿ ಇಲ್ಲದ ಸಾರು ಅಜ್ಜಾರಿಗೆ ಹ್ಯಾಂಗ ನೀಡ್ಲಿ? ನನ್ನ ಕೈ ಏಳೂದಿಲ್ಲ" ಎಂದು ಅವರು ಕಣ್ಣೀರು ತಂದುಕೊಂಡರು. ನಾಲ್ಕು ದಿನ ಒಗ್ಗರಣೆಯಿಲ್ಲದ ಸಾರು ಬಂತು. ಐದನೆಯ ದಿನ ತಳದಲ್ಲಿ ತುಪ್ಪ ಅಡಗಿ ಕುಳಿತಿತ್ತು. ಕೊನೆಗೆ ವೈದ್ಯರನ್ನೇ ಕೇಳಿ, ದಿನಕ್ಕೆ ಎರಡು ಚಮಚ ಜಿಡ್ಡು ಇರಲೆಂದು ಒಪ್ಪಂದವಾಯಿತು. ವಾಸ್ತವವಾಗಿ ಜಿಡ್ಡನ್ನು ಜೀವನಪರ್ಯಂತ ಪೂರ್ಣವಾಗಿ ಬಿಡಬೇಕೆಂಬುದೇನೂ ಇಲ್ಲ. ಮೊದಲ ಕೆಲವು ವಾರ ಕಡಿಮೆ ಮಾಡಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋದರೆ ಬಹುತೇಕ ಜನರ ಕರುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಒಂದೇ ಸಲಕ್ಕೆ ಬಹಳ ಬೇಡ, ಅಷ್ಟೇ.

ಭಕ್ತರ ಮನೆಗಳ ಆತಿಥ್ಯದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಪಾದಪೂಜೆಗೆ ಹೋದಲ್ಲಿ ಹೋಳಿಗೆ, ಗೋಧಿ ಹುಗ್ಗಿ, ಎಣ್ಣೆಗಾಯಿ, ಮಿರ್ಚಿ ಇಲ್ಲದಿದ್ದರೆ ಮನೆಯವರಿಗೆ ಸಮಾಧಾನವಿಲ್ಲ. ಬೇಡವೆಂದರೆ ನಮ್ಮಿಂದ ಏನು ಲೋಪವಾಯಿತೋ ಎಂದು ಅಳುಕುತ್ತಾರೆ. ಈಗ ನಾವು ಸಂಚಾರದ ಮುನ್ನಾದಿನವೇ ಏನು ಬೇಕು, ಎಷ್ಟು ಹೊತ್ತಿಗೆ ಬೇಕು ಎಂಬುದನ್ನು ತಿಳಿಸುವ ಪದ್ಧತಿಯಿಟ್ಟುಕೊಂಡಿದ್ದೇವೆ. ಒಂದೂರಿನಲ್ಲಿ ಬಡ ಒಕ್ಕಲಿನ ಮುದುಕಿಯೊಬ್ಬಳು ಅದನ್ನು ಕೇಳಿ, "ಗಂಜಿ ಅಂದ್ರ ನಮ್ಮನ್ಯಾಗ ದಿನಾ ಇರೂದ ಐತಿ. ಈ ಸಲ ನಮ್ಮನಿಗೂ ಬರ್ರಿ ಯಪ್ಪಾ" ಎಂದಳು. ಹೋಳಿಗೆ ಮಾಡುವ ಶಕ್ತಿಯಿಲ್ಲವೆಂದು ಇಷ್ಟು ವರ್ಷ ಅವಳು ನಮ್ಮನ್ನು ಕರೆದಿರಲಿಲ್ಲ. ಆ ದಿನ ಅವಳ ಮನೆಯಲ್ಲಿ ಕುಡಿದ ಗಂಜಿ ನಮ್ಮ ಹೊಟ್ಟೆಗೂ ಹಿತವಾಯಿತು, ಅವಳ ಮನಸ್ಸಿಗೂ ಹಿತವಾಯಿತು. ಮನೆಯಲ್ಲಿ ರೋಗಿಯಿರುವಾಗ ಅತಿಥಿಗಳಾಗಿ ಹೋಗುವವರು, ರೋಗಿಯೇ ಅತಿಥಿಯಾಗಿ ಬಂದಾಗ ಉಣಬಡಿಸುವವರು, ಒತ್ತಾಯದಲ್ಲಿ ಪ್ರೀತಿಯಿದೆಯೆಂಬ ಭಾವನೆಯನ್ನು ಸ್ವಲ್ಪ ಸಡಿಲಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಧ್ಯಾನದಿಂದ ನೋವು ಹೋಗುತ್ತದೆಯೇ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುತ್ತಾರೆ. ಧ್ಯಾನದಿಂದ ಕಲ್ಲು ಕರಗುವುದಿಲ್ಲ, ಕೀವು ಆರುವುದಿಲ್ಲ. ಹಾಗೆಂದು ಹೇಳುವವರನ್ನು ನಂಬಬೇಡಿರಿ. ಆದರೆ ನೋವಿಗೆ ಎರಡು ಪಾಲುಗಳಿವೆ. ಒಂದು ಶರೀರದ್ದು, ಇನ್ನೊಂದು, "ಇದು ಏನೋ, ಎಲ್ಲಿಗೆ ಹೋಗಿ ಮುಟ್ಟುವುದೋ" ಎಂಬ ಭಯದ್ದು. ಭಯ ಬಂದಾಗ ಹೊಟ್ಟೆ ಬಿಗಿಯುತ್ತದೆ, ಉಸಿರು ಗಿಡ್ಡವಾಗುತ್ತದೆ. ಬಿಗಿದ ಹೊಟ್ಟೆ ಮತ್ತಷ್ಟು ನೋಯುತ್ತದೆ. ನೋವು ಆರಂಭವಾದಾಗ ನಾವು ಮಗ್ಗುಲಾಗಿ ಮಲಗಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು, ಕೈ ಏಳುವಂತೆ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡುತ್ತೇವೆ. ಜಪವು ತಾನಾಗಿ ಅದರೊಡನೆ ಕೂಡಿಕೊಳ್ಳುತ್ತದೆ. ನೋವಿನ ಎರಡನೆಯ ಪಾಲು ಇದರಿಂದ ಇಳಿಯುತ್ತದೆ. ಮೊದಲನೆಯ ಪಾಲನ್ನು ಹೊರುವುದು ಆಗ ಸಾಧ್ಯವಾಗುತ್ತದೆ. ಪೂಜೆಯ ಆಸನದ ವಿಷಯದಲ್ಲಿಯೂ ಹಟ ಬೇಡ. ಪದ್ಮಾಸನ ಹಾಕಿ ಹೊಟ್ಟೆ ಹಿಂಡಿಸಿಕೊಳ್ಳುವುದರ ಬದಲು ನಾವು ಮೂರು ತಿಂಗಳು ಗೋಡೆಗೆ ಒರಗಿ, ಲಿಂಗವಿರುವ ಎಡಗೈಯ ಮೊಣಕೈ ಕೆಳಗೆ ದಿಂಬಿಟ್ಟು ಪೂಜೆ ಮಾಡಿದೆವು. ಪೂಜೆಯಲ್ಲಿ ಯಾವ ಕೊರತೆಯೂ ಆಗಲಿಲ್ಲ.

ಕೊನೆಯದಾಗಿ ಮನೆಯವರಿಗೊಂದು ಮಾತು. ನರಳುವವರ ಮುಂದೆ "ಹಿಂದಿನ ಕರ್ಮ, ಅನುಭವಿಸಬೇಕು" ಎಂದು ಹೇಳುವ ವಾಡಿಕೆ ನಮ್ಮಲ್ಲಿದೆ. ಹೇಳುವವರಿಗೆ ಅದು ತತ್ತ್ವ. ಕೇಳುವವರಿಗೆ ಅದು ಎರಡನೆಯ ಶಸ್ತ್ರಕ್ರಿಯೆ, ಅರಿವಳಿಕೆಯಿಲ್ಲದೆ ಮಾಡಿದ್ದು. ಅದರ ಬದಲು ಬಿಸಿನೀರಿನ ಚೀಲವನ್ನು ತಂದುಕೊಡಿರಿ. "ಎಲ್ಲಿ ನೋಯ್ತದ, ತೋರಿಸು" ಎಂದು ಕೇಳಿರಿ. ದಿನಚರಿ ಬರೆಯಲು ಬಾರದ ತಾಯಿಗೆ ಮಗಳೋ ಮಗನೋ ಕುಳಿತು ಬರೆದುಕೊಡಲಿ. ವೈದ್ಯರ ಬಳಿಗೆ ಹೋಗುವಾಗ ಜೊತೆಗೆ ಒಬ್ಬರು ಹೋಗಲಿ. ನೋವನ್ನು ನಂಬುವವರು ಮನೆಯಲ್ಲಿ ಒಬ್ಬರಿದ್ದರೂ ರೋಗಿಯು ತನ್ನ ನೋವನ್ನು ಸಾಕ್ಷಿ ಹೇಳಿ ಸಾಧಿಸಬೇಕಾದ ದುರವಸ್ಥೆ ತಪ್ಪುತ್ತದೆ. ಅಪಾಯದ ಚಿಹ್ನೆ ಕಂಡಾಗ ಅದನ್ನು ಬೇಗ ಹೇಳುವ ಧೈರ್ಯವೂ ಅವರಿಗೆ ಬರುತ್ತದೆ. ನಮ್ಮ ಪ್ರಸಾದನಿಲಯಗಳಲ್ಲಿ ಬೆಳೆದು ವೈದ್ಯರೂ ದಾದಿಯರೂ ಆಗಿರುವ ಹಳೆಯ ವಿದ್ಯಾರ್ಥಿಗಳಿಗೂ ಇದೇ ನಮ್ಮ ಅಪೇಕ್ಷೆ: "ಎಲ್ಲಾ ಸರಿ ಐತಿ, ಹೋಗ್ರಿ" ಎಂದು ಕಳುಹಿಸುವ ಮುನ್ನ, ಯಾವುದು ಸರಿಯಿದೆ, ಉಳಿದ ನೋವಿನೊಡನೆ ಹೇಗೆ ಇರಬೇಕು, ಯಾವಾಗ ಮತ್ತೆ ಬರಬೇಕು ಎಂಬ ಮೂರು ಮಾತುಗಳನ್ನು ತಾಳ್ಮೆಯಿಂದ ಹೇಳಿರಿ.

ನಮಗೆ ಇಂದಿಗೂ ತಿಂಗಳಿಗೆ ಎರಡು ಮೂರು ಸಲ ಆ ನೋವು ಬರುತ್ತದೆ. ಅದರ ಬರವು ಈಗ ಗುರುತಿದೆ, ಅದರ ಹೊತ್ತೂ ಗುರುತಿದೆ. ಬಂದಾಗ ಕೆಲಸವನ್ನು ಬದಿಗಿರಿಸಿ ಅದಕ್ಕೆ ಸಲ್ಲಬೇಕಾದ ಒಂದೆರಡು ತಾಸನ್ನು ಕೊಡುತ್ತೇವೆ. ಹೋದ ಮೇಲೆ ಬಿಟ್ಟ ಕೆಲಸವನ್ನು ಮುಂದುವರಿಸುತ್ತೇವೆ. ಈ ಲೇಖನವನ್ನು ಬರೆಯುವಾಗಲೂ ಒಮ್ಮೆ ಲೇಖನಿ ಕೆಳಗಿಡಬೇಕಾಯಿತು. ನಿಮ್ಮಲ್ಲಿ ಈ ಬಗೆಯ ನೋವಿನಿಂದ ಬಳಲುವವರು ಪರೀಕ್ಷೆಗೆ ಅಂಜದೆ, ಪರೀಕ್ಷೆಯ ಮೇಲೆ ಪರೀಕ್ಷೆಗೆ ಬೆನ್ನು ಹತ್ತದೆ, ಹೊತ್ತಿಗೆ ಸರಿಯಾಗಿ ಮಿತವಾಗಿ ಉಂಡು, ಕಾಯಕವನ್ನು ಬಿಡದೆ ನಡೆಯುವಂತಾಗಲಿ. ಅವರ ಮನೆಯವರ ಮನಸ್ಸು ಮೆತ್ತಗಾಗಲಿ ಎಂದು ಹಾರೈಸುತ್ತೇವೆ.